ಅಕ್ಕಿ ಬಂದರೆ ಊರು: ಹಳೆಯ ಮಸ್ಕತ್ ಮತ್ತು ನಮ್ಮ ಕರಾವಳಿ



ದಿಕ್ಸೂಚಿ ಭಾಷಣಕ್ಕೆ ಸಾಹಿತಿಗಳನ್ನೋ ಇತಿಹಾಸದ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ಈ ಸಲ ನೀವು ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಕರೆದಿದ್ದೀರಿ. ಬೇರೆಯವರ ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು. ಯಾವ ಕಂಪನಿಗೆ ಹೋದರೂ ಲಾಭ ಎಷ್ಟು ಎಂದು ನಾನು ಮೊದಲು ಕೇಳುವುದಿಲ್ಲ. ಇದು ಬದುಕಿರುವುದು ಯಾವುದರಿಂದ, ಅದನ್ನು ತಂದುಕೊಡುವವರು ಯಾರು, ಅವರು ನಾಳೆ ಬರದೇ ಹೋದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಇವತ್ತು ಅದೇ ಪ್ರಶ್ನೆಯನ್ನು ನಾವು ಅನ್ನ ತಿನ್ನುತ್ತಿರುವ ಈ ಊರಿಗೆ ಕೇಳೋಣ ಎಂದುಕೊಂಡಿದ್ದೇನೆ. ರೂವಿ, ಅಲ್ ಖುವೈರ್, ಸೀಬ್ ಎಂದು ಹರಡಿಕೊಂಡಿರುವ ಇವತ್ತಿನ ಮಸ್ಕತ್‌ಗೆ ಅಲ್ಲ. ಅರಮನೆಯ ಸುತ್ತ ಇರುವ, ಕಾಲ್ನಡಿಗೆಯಲ್ಲಿ ಸುತ್ತಿ ಮುಗಿಸಬಹುದಾದ ಹಳೆಯ ಕೋಟೆಯೊಳಗಿನ ಮಸ್ಕತ್‌ಗೆ.

ಊರಿಂದ ಬಂದ ನೆಂಟರನ್ನು ಅಲ್ ಆಲಂ ಅರಮನೆ ತೋರಿಸಲು ನೀವೆಲ್ಲ ಕರೆದುಕೊಂಡು ಹೋಗಿರುತ್ತೀರಿ. ಫೋಟೋ ತೆಗೆದ ಮೇಲೆ ಒಂದು ನಿಮಿಷ ಸುತ್ತ ನೋಡಿ. ಮುಂದೆ ಕುದುರೆ ಲಾಳದ ಆಕಾರದ ಪುಟ್ಟ ಕೊಲ್ಲಿ. ಪೂರ್ವಕ್ಕೆ ಜಲಾಲಿ ಕೋಟೆ, ಪಶ್ಚಿಮಕ್ಕೆ ಮಿರಾನಿ ಕೋಟೆ. ಹಿಂದೆ ಹುಲ್ಲುಕಡ್ಡಿಯೂ ಹುಟ್ಟದ ಕಪ್ಪು ಬೆಟ್ಟ. ಗದ್ದೆಯಿಲ್ಲ, ಹೊಳೆಯಿಲ್ಲ. ಕುಡಿಯುವ ನೀರು ಕೂಡ ಗೋಡೆಯಾಚೆಯ ಬಾವಿಗಳಿಂದ ಬರಬೇಕಿತ್ತು. ಪಕ್ಕದ ಮತ್ರಾಕ್ಕೆ ಹೋಗಲು 1929ರಲ್ಲಿ ಮೋಟಾರು ರಸ್ತೆ ಆಗುವವರೆಗೆ ಜನ ಹೆಚ್ಚಾಗಿ ದೋಣಿಯನ್ನೇ ಹಿಡಿಯುತ್ತಿದ್ದರು. ನಕ್ಷೆಯಲ್ಲಿ ಇದು ಅರೇಬಿಯಾದ ಭೂಭಾಗ. ಬದುಕಿದ್ದು ಮಾತ್ರ ದ್ವೀಪದ ಹಾಗೆ.

ಪೆಸಿಫಿಕ್ ಸಾಗರದ ನಡುವೆ ತುವಾಲು ಎಂಬ ಪುಟಾಣಿ ದೇಶವಿದೆ. ಅದರ ರಾಜಧಾನಿ ಫುನಾಫುಟಿಯಲ್ಲಿ ಕೆಲವು ಸಾವಿರ ಜನ. ಹವಳದ ದಂಡೆಯ ಮೇಲಿನ ಊರು ಎಷ್ಟು ಇಕ್ಕಟ್ಟೆಂದರೆ ವಿಮಾನ ಬರದ ಹೊತ್ತಿನಲ್ಲಿ ಮಕ್ಕಳು ರನ್‌ವೇಯ ಮೇಲೆಯೇ ಆಡುತ್ತಾರೆ. ತೆಂಗಿನಕಾಯಿ, ಮೀನು ಬಿಟ್ಟರೆ ಬಹುಪಾಲು ಎಲ್ಲವೂ ಹಡಗಿನಲ್ಲೇ ಬರಬೇಕು. ಅದರ ಬಗ್ಗೆ ಓದಿದಾಗ ನನಗೆ ಹಳೆಯ ಮಸ್ಕತ್ ನೆನಪಾಯಿತು. ಇಂಥ ರಾಜಧಾನಿಗಳ ಲೆಕ್ಕಪುಸ್ತಕದಲ್ಲಿ ರಾಜನ ಹೆಸರಿಗಿಂತ ದೊಡ್ಡದು ಹಡಗು ಬಂದ ದಿನ. ಫುನಾಫುಟಿಗೆ ಹಡಗು ಎಲ್ಲಿಂದ ಬರುತ್ತದೋ ಅಲ್ಲಿನವರು ಹೇಳಲಿ. ಮಸ್ಕತ್‌ನ ಅಕ್ಕಿಯ ಹಡಗು ಬಂದದ್ದು ಮುಖ್ಯವಾಗಿ ನಮ್ಮ ಮನೆಯಂಗಳದಿಂದ. ನನ್ನ ಇವತ್ತಿನ ಮಾತೆಲ್ಲ ಇಷ್ಟರ ಸುತ್ತಲೇ.

ಹಂಪಿಯ ಬಗ್ಗೆ ಯಾವ ಪುಸ್ತಕ ತೆರೆದರೂ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್‌ನ ಹೆಸರು ಸಿಗುತ್ತದೆ. ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ, ವಿಜಯನಗರ ನೋಡಿ ಬೆರಗಾದವನು. ಅವನು ಹಂಪಿ ನೋಡುವ ಮುಂಚೆ ಮಸ್ಕತ್ ನೋಡಿದ್ದ ಎಂಬುದು ಶಾಲೆಯ ಪಾಠದಲ್ಲಿ ಇರಲಿಲ್ಲ. 1442ರಲ್ಲಿ ಹೋರ್ಮುಜ್‌ನಿಂದ ಹೊರಟವನಿಗೆ ಮಾರುತದ ಹೊತ್ತು ತಪ್ಪಿತು. ನಡುಬೇಸಿಗೆಯಲ್ಲಿ ಒಮಾನಿನ ತೀರದಲ್ಲಿ ಸಿಕ್ಕಿಬಿದ್ದ. ಒರೆಯೊಳಗಿನ ಕತ್ತಿ ಮೇಣದಂತೆ ಕರಗುವಂಥ ಸೆಖೆ ಎಂಬರ್ಥದಲ್ಲಿ ಬರೆದುಕೊಂಡಿದ್ದಾನೆ. ಜೂನ್ ತಿಂಗಳಲ್ಲಿ ಘಲಾದ ಸೈಟಿನಲ್ಲಿ ಕೆಲಸ ಮಾಡಿದವರಿಗೆ ಇದು ಉತ್ಪ್ರೇಕ್ಷೆ ಎನಿಸಲಾರದು. ಜೊತೆಗಿದ್ದ ಅವನ ಅಣ್ಣ ಈ ತೀರದಲ್ಲೇ ತೀರಿಕೊಂಡ. ಬದುಕುಳಿದ ತಮ್ಮ ಕಲ್ಲಿಕೋಟೆ, ಮಂಗಳೂರು ದಾಟಿ ವಿಜಯನಗರ ಸೇರಿದ. 1444ರಲ್ಲಿ ಹೊನ್ನಾವರದಲ್ಲಿ ಹಡಗು ಹತ್ತಿ ಮತ್ತೆ ಒಮಾನಿಗೇ ಬಂದಿಳಿದ.

ಈ ದಾರಿ ಅವನು ಕಂಡುಹಿಡಿದದ್ದಲ್ಲ. ಅರಬ್ ಕುದುರೆಗಳು ಸೂರ್ ಹತ್ತಿರದ ಕಲ್ಹಾತ್‌ನಿಂದಲೂ ಹೋರ್ಮುಜ್‌ನಿಂದಲೂ ಭಟ್ಕಳ, ಹೊನ್ನಾವರಗಳಿಗೆ ಬರುತ್ತಿದ್ದವು. ವಿಜಯನಗರದ ಅಶ್ವದಳ ನಿಂತದ್ದೇ ಆ ಆಮದಿನ ಮೇಲೆ. ಕುದುರೆ ಇಳಿಸಿದ ಹಡಗು ಖಾಲಿ ಹೋಗುವುದುಂಟೇ? ಅಕ್ಕಿ ತುಂಬಿಕೊಂಡು ಹೋಗುತ್ತಿತ್ತು. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಕರಾವಳಿಯನ್ನು ಕಂಡ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ, ಬಸರೂರು, ಮಂಗಳೂರು ಕಡೆಯಿಂದ ಹೊರದೇಶಗಳಿಗೆ ಹೋಗುವ ಅಕ್ಕಿಯ ಬಗೆಗಳನ್ನು ವಿವರಿಸುತ್ತಾನೆ. ಅದನ್ನು ಒಂದೇ ಅಳತೆಗೆ, ಬೈಹುಲ್ಲು ಸುತ್ತಿ ಕಟ್ಟುತ್ತಿದ್ದುದನ್ನೂ ಹೇಳುತ್ತಾನೆ. ಕುಂದಾಪುರ, ಉಡುಪಿ, ಮಂಗಳೂರಿನವರಿಗೆ ಈಗ ಹೊಳೆದಿರಬೇಕು. ಅದು ನಮ್ಮ ಅಕ್ಕಿ ಮುಡಿ. ಅಜ್ಜಿಮನೆಯ ಅಟ್ಟದ ಮೇಲೆ ಇರುತ್ತಿದ್ದುದು. ಗೇಣಿಯನ್ನು ಇಷ್ಟು ಮುಡಿ ಎಂದೇ ಲೆಕ್ಕ ಹಾಕುತ್ತಿದ್ದುದು. ಒಂದೇ ಅಳತೆಯ ಮೂಟೆ ಇಲ್ಲದೆ ಸಮುದ್ರ ವ್ಯಾಪಾರ ನಡೆಯುವುದಿಲ್ಲ. ಹಡಗಿನ ಹೊಟ್ಟೆಯಲ್ಲಿ ಎಣಿಸಬೇಕಾದದ್ದು ಮೂಟೆಯನ್ನೇ ಹೊರತು ಕಾಳನ್ನಲ್ಲ. ವರ್ಷದ ಕೊನೆಯ ರಾತ್ರಿ ಗೋದಾಮಿನಲ್ಲಿ ಚೀಲ ಎಣಿಸುತ್ತಾ ನಿಂತ ಯಾವ ಆಡಿಟರ್‌ನಾದರೂ ಕೇಳಿ, ಮುಡಿ ಕಟ್ಟಿದವನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾನೆ.

ಗಾಳಿಯೂ ಈ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿತ್ತು. ಮಳೆಗಾಲದಲ್ಲಿ ನಮ್ಮ ಅಳಿವೆಗಳೆಲ್ಲ ಬಂದ್. ಕಾರ್ತಿ ಬೆಳೆ ಕೊಯ್ದು, ಅಕ್ಕಿ ಮಾಡಿ, ಮುಡಿ ಕಟ್ಟುವ ಹೊತ್ತಿಗೆ ಈಶಾನ್ಯದ ಗಾಳಿ ಎದ್ದಿರುತ್ತಿತ್ತು. ಅದನ್ನು ಹಿಡಿದರೆ ಬೇಸಿಗೆಗೆ ಮುಂಚೆ ಮಸ್ಕತ್. ಮರಳುವಾಗ ಖರ್ಜೂರ, ಕುದುರೆ.

1507ರಲ್ಲಿ ಅಲ್ಬುಕರ್ಕ್ ಮಸ್ಕತ್‌ಗೆ ಬಂದು ಊರನ್ನು ಸುಟ್ಟ. ಅಲ್ಲಿಂದ ಸುಮಾರು ನೂರನಲವತ್ತು ವರ್ಷ ಇದು ಪೋರ್ಚುಗೀಸರ ಊರು. ನಡುವೆ 1552ರಲ್ಲಿ ತುರ್ಕರ ಪೀರಿ ರಈಸ್ ಮುತ್ತಿಗೆ ಹಾಕಿ ಲೂಟಿ ಮಾಡಿದ, 1581ರಲ್ಲಿ ಇನ್ನೊಂದು ತುರ್ಕಿ ದಾಳಿ ಆಯಿತು. ಆಮೇಲೆಯೇ ಜಲಾಲಿ, ಮಿರಾನಿ ಕೋಟೆಗಳು ಈಗಿನ ಗಟ್ಟಿ ರೂಪಕ್ಕೆ ಬಂದದ್ದು. 1622ರಲ್ಲಿ ಹೋರ್ಮುಜ್ ಕೈತಪ್ಪಿದ ಮೇಲೆ ಪೋರ್ಚುಗೀಸರಿಗೆ ಈ ಕಡಲಿನಲ್ಲಿ ಉಳಿದ ದೊಡ್ಡ ನೆಲೆ ಮಸ್ಕತ್ ಒಂದೇ. ಊರ ಸುತ್ತ ಗೋಡೆ ಎದ್ದದ್ದು ಆ ಹೊತ್ತಿನಲ್ಲಿ.

ಗೋಡೆ ಎಷ್ಟು ದಪ್ಪ ಇದ್ದರೇನು, ಒಳಗಿನ ಸಿಪಾಯಿಗೆ ಊಟ ಬೇಕು. ಪೋರ್ಚುಗೀಸರು ಅದಕ್ಕೆ ನಂಬಿದ್ದು ಕನ್ನಡ ಕರಾವಳಿಯನ್ನು. ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ಈ ನಾಲ್ಕೂ ಕಡೆ ಅವರ ಕೋಟೆಗಳಿದ್ದವು. ಮೆಣಸಿನ ಆಸೆ ಇದ್ದೇ ಇತ್ತು, ಆದರೆ ಗೋವೆಗೂ ಮಸ್ಕತ್‌ಗೂ ಅಕ್ಕಿ ಸಾಗಿಸುವುದು ಅಷ್ಟೇ ದೊಡ್ಡ ಕೆಲಸವಾಗಿತ್ತು. ಅದಕ್ಕೂ ಹಿಂದೆ ಭಟ್ಕಳದ ದೊರೆಯ ಮೇಲೆ ಅವರು ಹೊರಿಸಿದ್ದ ಕಪ್ಪವೂ ಅಕ್ಕಿಯ ರೂಪದಲ್ಲೇ ಇತ್ತು. 1623ರಲ್ಲಿ ಇಕ್ಕೇರಿಗೂ ಉಳ್ಳಾಲಕ್ಕೂ ಬಂದು ನಮ್ಮ ನಾಡಿನ ಬಗ್ಗೆ ಸೊಗಸಾಗಿ ಬರೆದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ, ಊರಿಗೆ ಮರಳುವಾಗ 1625ರಲ್ಲಿ ಹಾದುಹೋದದ್ದು ಮಸ್ಕತ್ ಮೂಲಕವೇ.

ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಸಮಯದ ಚೀಟಿ ಕಳಿಸಬೇಡಿ.

ಮಸ್ಕತ್‌ನಲ್ಲಿ ಆಗ ನರೋತ್ತಮ ಎಂಬ ಬನಿಯಾ ವ್ಯಾಪಾರಿ ಇದ್ದ. ಕೋಟೆಗೆ ದವಸ ಒದಗಿಸುವವನು. ಪೆರೇರಾ ಎಂಬ ಪೋರ್ಚುಗೀಸ್ ಅಧಿಕಾರಿಗೆ ಇವನ ಮಗಳ ಮೇಲೆ ಕಣ್ಣು ಬಿತ್ತು. ಮದುವೆ ಮಾಡಿಕೊಡು ಎಂದ. ನಮ್ಮ ಧರ್ಮದಲ್ಲಿ ಆಗದು ಎಂದು ತಂದೆ ಹೇಳಿದ. ಒತ್ತಾಯ, ಬೆದರಿಕೆ ಬಂದವು. ಕೊನೆಗೆ ನರೋತ್ತಮ ಒಪ್ಪಿದವನಂತೆ ನಟಿಸಿ, ಒಡವೆ, ಬಟ್ಟೆ ಸಿದ್ಧ ಮಾಡಲು ಕಾಲ ಕೇಳಿದ. ಆ ಅವಧಿಯಲ್ಲಿ ಅಧಿಕಾರಿಗೆ ಒಂದು ಹಿತವಚನವನ್ನೂ ಹೇಳಿದ: ಒಡೆಯಾ, ಕೋಟೆಯ ತೊಟ್ಟಿಯ ನೀರು ಹಳತಾಗಿದೆ, ಗೋಧಿಗೆ ಹುಳು ಬಿದ್ದಿದೆ, ಮದ್ದು ತೇವ ಹಿಡಿದಿದೆ, ಎಲ್ಲ ತೆಗೆದು ಹೊಸದು ತುಂಬಬೇಕು. ಸರಿ, ನೀನೇ ನೋಡಿಕೋ ಎಂದ ಅಧಿಕಾರಿ. ನರೋತ್ತಮ ನೀರು ಚೆಲ್ಲಿಸಿದ, ದವಸ ಹೊರಸಾಗಿಸಿದ, ಮದ್ದು ತೆಗೆಸಿದ. ಹೊಸದು ಮಾತ್ರ ತುಂಬಲಿಲ್ಲ. ಮತ್ರಾದಲ್ಲಿ ಸೈನ್ಯ ಬಿಟ್ಟಿದ್ದ ಇಮಾಮ್ ಸುಲ್ತಾನ್ ಬಿನ್ ಸೈಫ್‌ಗೆ ಗುಟ್ಟಾಗಿ ಓಲೆ ಹೋಯಿತು. ಪೋರ್ಚುಗೀಸರು ಕುಡಿದು ಮೈಮರೆತ ಒಂದು ಭಾನುವಾರ ದಾಳಿ ನಡೆಯಿತು, ಕೋಟೆ ಬಿತ್ತು. ನರೋತ್ತಮನಿಗೂ ಅವನ ವಂಶಕ್ಕೂ ಇಮಾಮ್ ಜಿಜಿಯಾ ತೆರಿಗೆ ಮಾಫಿ ಮಾಡಿದ.

ಹತ್ತೊಂಬತ್ತನೆಯ ಶತಮಾನದ ಒಮಾನಿ ಚರಿತ್ರೆಕಾರ ಸಲೀಲ್ ಇಬ್ನ್ ರಜೀಕ್ ಬರೆದಿಟ್ಟ ಕಥೆ ಇದು. ಘಟನೆ ನಡೆದದ್ದು 1650ರ ಜನವರಿಯಲ್ಲಿ, ಬರೆದದ್ದು ಸುಮಾರು ಇನ್ನೂರು ವರ್ಷದ ಮೇಲೆ. ಆಡಿಟರ್ ಆಗಿ ಹೇಳುವುದಾದರೆ, ಮಗಳ ಭಾಗಕ್ಕೆ ನಾನು ಸಹಿ ಹಾಕಲಾರೆ. ಊರು ಬಿದ್ದ ಕಡೆಯಲ್ಲೆಲ್ಲ ಜನ ಒಬ್ಬ ಹೆಣ್ಣುಮಗಳ ಕಥೆ ಕಟ್ಟುತ್ತಾರೆ. ದಾಸ್ತಾನಿನ ಭಾಗವನ್ನು ಮಾತ್ರ ಪೂರ್ತಿ ನಂಬುತ್ತೇನೆ. ಉಗ್ರಾಣದ ಬೀಗದ ಕೈ ಯಾರ ಬಳಿ ಇದೆಯೋ ಕೋಟೆ ಅವನದ್ದು. ಪೆರೇರಾ ಒಂದು ಸಲ ಹೋಗಿ ಚೀಲ ಎಣಿಸಿದ್ದರೆ ಒಮಾನಿನ ಇತಿಹಾಸ ಬೇರೆ ಇರುತ್ತಿತ್ತೋ ಏನೋ. ನಮ್ಮ ವೃತ್ತಿಯ ತರಗತಿಗಳಲ್ಲಿ ಈ ಕಥೆಯನ್ನು ಪಾಠವಾಗಿ ಇಡಬೇಕು ಎಂದು ನಾನು ಗೆಳೆಯರಿಗೆ ಹೇಳುತ್ತಿರುತ್ತೇನೆ.

ಆ ಕಥೆಯಲ್ಲಿ ಇಲ್ಲದ, ಆದರೆ ನಮಗೆ ಬೇಕಾದ ಇನ್ನೊಂದು ಅರ್ಧ ಇದೆ. ಮಸ್ಕತ್ ಬಿದ್ದ ಎರಡು ಮೂರು ವರ್ಷದೊಳಗೆ, ಕಡಲಿನ ಈ ಬದಿಯಲ್ಲಿ, ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರ ಕರಾವಳಿ ಕೋಟೆಗಳಿಗೆ ಕೈಹಾಕಿದ. 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ನಾಲ್ಕೂ ಅವರ ಕೈಬಿಟ್ಟವು. ಅಕ್ಕಿ ಉಣ್ಣುವ ಬಂದರು ಮೊದಲು ಹೋಯಿತು, ಅಕ್ಕಿ ಕೊಡುವ ಬಂದರುಗಳು ಆಮೇಲೆ ಹೋದವು. ಒಮಾನಿಗರ ಚರಿತ್ರೆ ಸುಲ್ತಾನ್ ಬಿನ್ ಸೈಫ್‌ನನ್ನು ಕೊಂಡಾಡುತ್ತದೆ, ನಮ್ಮ ಚರಿತ್ರೆ ಶಿವಪ್ಪ ನಾಯಕನನ್ನು. ಇಬ್ಬರೂ ಒಂದೇ ಐದು ವರ್ಷದಲ್ಲಿ ಒಂದೇ ವೈರಿಯನ್ನು ಓಡಿಸಿದವರು. ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಶಿವಪ್ಪ ನಾಯಕನ ಹೆಸರು ಹೇಳಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಯುದ್ಧವಲ್ಲ, ಅವನ ಶಿಸ್ತು. ಭೂಮಿಯ ಗುಣ ನೋಡಿ ಕಂದಾಯ ಕಟ್ಟಿದ ಕ್ರಮ. ಹೊರದೇಶಕ್ಕೆ ಕಳಿಸಲು ಅಕ್ಕಿ ಮಿಗಬೇಕಾದರೆ ಮೊದಲು ಗದ್ದೆಯ ಲೆಕ್ಕ ಸರಿ ಇರಬೇಕಲ್ಲ.

ಇದೆಲ್ಲ ಸ್ನೇಹದ ಕಥೆ ಎಂದು ತಿಳಿಯಬೇಡಿ. ಕರಾವಳಿಯಲ್ಲಿ ಅರಬರ ವ್ಯಾಪಾರಕ್ಕೆ ಪೋರ್ಚುಗೀಸರು ಮತ್ತೆ ಅಡ್ಡಗಾಲು ಹಾಕಿದಾಗ, 1695ರಲ್ಲಿ ಅರಬರು ಬಂದು ಮಂಗಳೂರನ್ನು ಸುಟ್ಟರು. ಹಸಿದ ಬಂದರು ಅನ್ನದ ಬಟ್ಟಲನ್ನೇ ಒಡೆಯಲು ಬಂದಂತೆ. ಜಗಳ ಪೋರ್ಚುಗೀಸರೊಡನೆ, ಬೆಂಕಿ ಬಿದ್ದದ್ದು ನಮ್ಮವರ ಮನೆಗೆ.

ಮಸ್ಕತ್ ರಾಜಧಾನಿ ಆದದ್ದು ಇನ್ನೂ ನೂರು ವರ್ಷದ ಮೇಲೆ. ಆಲ್ ಬು ಸಈದ್ ವಂಶದ ಮೊದಲ ದೊರೆ ಅಹ್ಮದ್ ಬಿನ್ ಸಈದ್ ಒಳನಾಡಿನ ರುಸ್ತಾಕ್‌ನಿಂದ ಆಳಿದ. ಅವನ ಮೊಮ್ಮಗ ಹಮದ್ 1780ರ ದಶಕದಲ್ಲಿ ಅಧಿಕಾರವನ್ನು ಕಡಲಂಚಿಗೆ ತಂದ. ಅದೇ ದಶಕದಲ್ಲಿ ಶ್ರೀರಂಗಪಟ್ಟಣದ ಸರ್ಕಾರ ಇಲ್ಲಿ ಒಂದು ವ್ಯಾಪಾರದ ಕೋಠಿ ಇಟ್ಟಿತು. ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಮಂಗಳೂರು ಮೈಸೂರಿನ ಬಂದರಾಗಿತ್ತು. ಟಿಪ್ಪುವಿನ ಕಾಲಕ್ಕೆ ಮಸ್ಕತ್‌ನಲ್ಲಿ ಮೈಸೂರಿನ ದರೋಗ ಮೀರ್ ಕಾಜಿಂ, ದಲ್ಲಾಳಿ ಮಾವ್ ಸೇಟ್. ಇವರಿಗೆ ಟಿಪ್ಪು ಬರೆಸಿದ ಕಾಗದಗಳು 1811ರಲ್ಲಿ ಕರ್ಕ್‌ಪ್ಯಾಟ್ರಿಕ್‌ನ ಇಂಗ್ಲಿಷ್ ಅನುವಾದದಲ್ಲಿ ಅಚ್ಚಾಗಿವೆ.

ಆ ಕಾಗದಗಳನ್ನು ಓದಿದರೆ ಹುಲಿಯ ಚಿತ್ರದ ಹಿಂದೆ ಒಬ್ಬ ಕಟ್ಟುನಿಟ್ಟಿನ ಯಜಮಾನ ಕಾಣುತ್ತಾನೆ. ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿ ಕಳಿಸುತ್ತಿದ್ದೇವೆ, ಬೆಲೆ ನೋಡಿ ಮಾರು. ಗಂಧಕ ಕೊಂಡು ಕಳಿಸು. ರೇಷ್ಮೆ ಹುಳುವಿನ ಮೊಟ್ಟೆ, ಅದನ್ನು ಸಾಕಲು ಬಲ್ಲವರು ಸಿಕ್ಕರೆ ಕಳಿಸು. ಮುತ್ತಿಗಾಗಿ ಮುಳುಗುವ ಜನರನ್ನು ಮಂಗಳೂರಿಗೆ ಕಳಿಸು. ಇಷ್ಟು ದೂರದಿಂದ ಒಂದು ಶಾಖಾ ಕಚೇರಿಯನ್ನು ನಡೆಸುವ ಕಷ್ಟ ಏನೆಂದು ಬಲ್ಲವನು ನಾನು. ಹೆಡ್ ಆಫೀಸಿನಿಂದ ದಿನಕ್ಕೊಂದು ಮೇಲ್ ಬರುವಾಗಲೆಲ್ಲ ಮೀರ್ ಕಾಜಿಂ ಮೇಲೆ ನನಗೆ ಕನಿಕರ ಉಕ್ಕುತ್ತದೆ. ಅತ್ತ ಮಸ್ಕತ್‌ನ ಇಮಾಮ್ ಮೈಸೂರಿನ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟ. ಇತ್ತ ಟಿಪ್ಪು ಮಂಗಳೂರಿನ ಅಕ್ಕಿಯನ್ನು ಮಸ್ಕತ್ ಹಡಗುಗಳಿಗೆ ಮುಕ್ತವಾಗಿ ಬಿಟ್ಟ.

1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಟಿಪ್ಪು ಕಳಿಸಿದ ದೊಡ್ಡ ನಿಯೋಗ ಹಡಗೇರಿದ್ದು ಗೋಕರ್ಣದ ಪಕ್ಕದ ತದಡಿಯಲ್ಲಿ. ನಾಲ್ಕು ಹಡಗು, ನೂರಾರು ಜನ. ಮೊದಲು ಬಂದು ತಂಗಿದ್ದು ಮಸ್ಕತ್‌ನಲ್ಲಿ, ಅದೂ ಕೆಲವು ತಿಂಗಳು. ನಿಯೋಗದ ಗುಮಾಸ್ತ ಖ್ವಾಜಾ ಅಬ್ದುಲ್ ಖಾದಿರ್ ದಿನಚರಿ ಬರೆದಿಟ್ಟಿದ್ದಾನೆ. ಹೋದವರಲ್ಲಿ ಬಹಳ ಮಂದಿ ಊರಿಗೆ ಮರಳಲಿಲ್ಲ. ಕಾಯಿಲೆಗೂ ಕಡಲಿಗೂ ಬಲಿಯಾದರು. ತದಡಿಯಲ್ಲಿ ಈಗ ಮೀನುಗಾರಿಕೆ ದೋಣಿ ಎಳೆಯುವ ಕಡೆ ಹೀಗೊಂದು ಹೊರಡುವಿಕೆ ನಡೆಯಿತು ಎಂದು ಹೇಳುವ ಒಂದು ಕಲ್ಲನ್ನು ನಾನಂತೂ ಕಂಡಿಲ್ಲ.

ಕೊನೆಗೆ ಈ ಪುಟ್ಟ ಊರು ಯುರೋಪಿನ ಜಗಳದ ನಡುವೆ ಸಿಕ್ಕಿಕೊಂಡಿತು. 1798ರ ಅಕ್ಟೋಬರ್ 12ರಂದು ಸುಲ್ತಾನ್ ಬಿನ್ ಅಹ್ಮದ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಫ್ರೆಂಚರಿಗೆ ಬಾಗಿಲು ಹಾಕುವೆನೆಂದ. ಮೂರು ತಿಂಗಳ ಮೇಲೆ, 1799ರ ಜನವರಿ 25ರಂದು, ಕೈರೋದಿಂದ ನೆಪೋಲಿಯನ್ ಮಸ್ಕತ್‌ನ ದೊರೆಗೆ ಕಾಗದ ಬರೆದ. ಒಳಗೆ ಇನ್ನೊಂದು ಕಾಗದ, ಟಿಪ್ಪುವಿಗೆ ತಲುಪಿಸುವುದಕ್ಕೆ. ಎರಡೂ ಬ್ರಿಟಿಷರ ಕೈಗೆ ಸಿಕ್ಕವು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಲ್ಲಿಗೆ ಮಂಗಳೂರಿನ ಅಕ್ಕಿಯ ಬೀಗದ ಕೈ ಕಂಪನಿಯ ಸೊಂಟಕ್ಕೆ ಹೋಯಿತು. ಮಸ್ಕತ್ ಯಾಕೆ ಬ್ರಿಟಿಷರ ಮಾತು ಕೇಳಿತು ಎಂಬುದಕ್ಕೆ ಪುಸ್ತಕಗಳು ನೂರು ಕಾರಣ ಕೊಡುತ್ತವೆ. ಇದನ್ನೂ ಅದರೊಳಗೆ ಸೇರಿಸಿಕೊಳ್ಳಬೇಕೆಂದು ನನ್ನ ವಾದ. 1801ರಲ್ಲಿ ಕಂಪನಿಯ ಪರವಾಗಿ ಮಂಗಳೂರಿಗೆ ಬಂದ ಬುಕನನ್, ಇಲ್ಲಿಂದ ಅಕ್ಕಿ ಹೋಗುವ ಊರುಗಳ ಸಾಲಿನಲ್ಲಿ ಮಸ್ಕತ್ ಹೆಸರನ್ನು ಬರೆದುಕೊಂಡಿದ್ದಾನೆ. ದೊರೆ ಬದಲಾದರೂ ಗಿರಾಕಿ ಅದೇ. ಇತ್ತ ಕಂಪನಿ ಮಸ್ಕತ್‌ಗೆ ಕಳಿಸಿದ ಮೊದಲ ರೆಸಿಡೆಂಟ್, ಡಾಕ್ಟರ್ ಬೋಗ್ಲ್, 1800ರಲ್ಲಿ ಬಂದು ಅದೇ ವರ್ಷ ಸತ್ತ. ಸೆಖೆಗೆ ಭೇದವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನವನ್ನು ಬೇಗ ದಾಟುತ್ತೇನೆ. ಸಯ್ಯಿದ್ ಸಈದ್ ತನ್ನ ಆಸ್ಥಾನವನ್ನು ಜಂಜಿಬಾರ್‌ಗೆ ಒಯ್ದ, 1861ರಲ್ಲಿ ರಾಜ್ಯ ಎರಡು ಹೋಳಾಯಿತು, ಹಬೆ ಹಡಗು ಬಂತು, ಬರ್ಮಾ, ಬಂಗಾಳದ ಅಕ್ಕಿ ಎಲ್ಲೆಡೆ ಹರಿಯಿತು. ಮಸ್ಕತ್ ಬಡವಾಯಿತು. 1864ರಲ್ಲಿ ಇಲ್ಲಿ ಭಾರತದ ಅಂಚೆ ಕಚೇರಿ ತೆರೆಯಿತು; ಕಾಗದಕ್ಕೆ ಭಾರತದ ಸ್ಟ್ಯಾಂಪು, ಕೈಯಲ್ಲಿ ಭಾರತದ ರೂಪಾಯಿ. 1959ರಲ್ಲಿ ಬಂದ ಗಲ್ಫ್ ರೂಪಾಯಿ ಕೂಡ ನಮ್ಮ ರಿಸರ್ವ್ ಬ್ಯಾಂಕಿನದೇ. 1970ರಲ್ಲಷ್ಟೇ ಸ್ವಂತ ರಿಯಾಲ್ ಬಂದದ್ದು. ಬೈಸಾ ಎಂಬ ಮಾತಿನಲ್ಲಿ ನಮ್ಮ ಪೈಸೆ ಇನ್ನೂ ಉಳಿದಿದೆ, ನೂರರ ಬದಲು ಸಾವಿರವಾಗಿ. ದಶಮಾಂಶದ ಮುಂದೆ ಮೂರು ಅಂಕೆ ಬರೆಯಲು ಇಲ್ಲಿಗೆ ಬಂದ ಪ್ರತಿ ಭಾರತೀಯ ಲೆಕ್ಕಿಗನೂ ಕೈ ಪಳಗಿಸಿಕೊಳ್ಳಬೇಕು. ಇನ್ನೊಂದು ತಮಾಷೆ: 1833ರಲ್ಲಿ ಅಮೆರಿಕದೊಡನೆ, 1839ರಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದಗಳಲ್ಲಿ ಆಮದು ಸುಂಕ ಶೇಕಡಾ 5. ಈಗಿನ ಗಲ್ಫ್ ದೇಶಗಳ ಸಾಮಾನ್ಯ ಸುಂಕವೂ 5, 2021ರ ಏಪ್ರಿಲ್‌ನಲ್ಲಿ ಬಂದ ವ್ಯಾಟ್ ಕೂಡ 5. ಆಕಸ್ಮಿಕವೇ ಇರಬಹುದು, ನನಗಂತೂ ಆ ಅಂಕೆ ಕಂಡಾಗಲೆಲ್ಲ ಹಳೆಯ ಸುಂಕದ ಕಟ್ಟೆ ಕಣ್ಣಿಗೆ ಬರುತ್ತದೆ.

ಹಿರಿಯರಲ್ಲಿ ಕೆಲವರಿಗೆ ಮುಂದಿನದು ಕೇಳಿ ಗೊತ್ತು. 1970ರವರೆಗೂ ಮಸ್ಕತ್‌ನ ಬಾಗಿಲುಗಳನ್ನು ಸೂರ್ಯ ಮುಳುಗಿದ ಮೂರು ಗಂಟೆಗೆ ಮುಚ್ಚುತ್ತಿದ್ದರು. ಮಿರಾನಿ ಕೋಟೆಯಿಂದ ತೋಪು ಹಾರುತ್ತಿತ್ತು. ಆಮೇಲೆ ಬೀದಿಗಿಳಿಯುವವರು ಕೈಯಲ್ಲಿ ಲಾಂದ್ರ ಹಿಡಿದಿರಬೇಕು. ಸುಲ್ತಾನ್ ಸಈದ್ ಬಿನ್ ತೈಮೂರ್ 1958ರಿಂದ ಸಲಾಲಾದಲ್ಲೇ ಉಳಿದಿದ್ದರಿಂದ ರಾಜಧಾನಿಗೆ ರಾಜನ ದರ್ಶನವೂ ಇರಲಿಲ್ಲ. ದೇಶದಲ್ಲಿ ಸುಮಾರು 10 ಕಿಲೋಮೀಟರ್ ಡಾಂಬರು ರಸ್ತೆ, ಮೂರು ಶಾಲೆ. 1967ರಲ್ಲಿ ಎಣ್ಣೆಯ ರಫ್ತು ಶುರುವಾಗಿದ್ದರೂ ಹಣ ಬೀದಿಗೆ ಬಂದಿರಲಿಲ್ಲ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಬಾಗಿಲು ತೆರೆಯಿತು. 1973ರಲ್ಲಿ ಸೀಬ್ ವಿಮಾನ ನಿಲ್ದಾಣ, 1974ರಲ್ಲಿ ಮತ್ರಾದ ಹೊಸ ಬಂದರು. ಕಟ್ಟಲು ಕೈ ಬೇಕಿತ್ತು. ಆಗ ಕಡಲಿನ ಆ ಬದಿಯಿಂದ ಅಕ್ಕಿಯ ಬದಲು ನಾವು ಬಂದೆವು.

ಹಳೆಯ ಬಂದರಿನ ಬಂಡೆಗಳನ್ನು ದೋಣಿಯಲ್ಲಿ ಹೋಗಿ ನೋಡಿದವರು ಬಿಳಿ ಬಣ್ಣದಲ್ಲಿ ಬರೆದ ಹಡಗುಗಳ ಹೆಸರು ಕಂಡಿರುತ್ತೀರಿ. ಮುಖ್ಯವಾಗಿ ಬ್ರಿಟಿಷ್ ಯುದ್ಧನೌಕೆಗಳವು. ಬಂದ ನಾವಿಕರು ಬೆಟ್ಟ ಹತ್ತಿ ಬರೆದು ಹೋದದ್ದು. ಸುಲ್ತಾನ್ ಸಈದ್ ಅದನ್ನು ತನ್ನ ಅತಿಥಿಗಳ ಪುಸ್ತಕ ಎಂದು ಕರೆಯುತ್ತಿದ್ದನಂತೆ. ನಾನು ಅದನ್ನು ಎರಡು ಸಲ ನೋಡಿದ್ದೇನೆ. ಅಕ್ಕಿ ತಂದ ಒಂದು ಮಂಜಿಯ ಹೆಸರೂ ಅಲ್ಲಿ ನನಗೆ ಸಿಗಲಿಲ್ಲ. ತೋಪು ತಂದವರ ಹೆಸರಿದೆ, ಊಟ ತಂದವರದ್ದಿಲ್ಲ. ಕಾಗದಪತ್ರಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ. ದಲ್ಲಾಳಿಯ ಹೆಸರು ಇದೆ, ದರೋಗನ ಹೆಸರು ಇದೆ, ಹಡಗಿನ ಹೆಸರೂ ಸಿಗುತ್ತದೆ. ಮುಡಿ ಕಟ್ಟಿದವರು, ಹೊತ್ತವರು, ಹಾಯಿ ಎಳೆದವರು ಲೆಕ್ಕದಲ್ಲಿ ಬರುವುದು 'ಕೂಲಿ' ಎಂಬ ಒಂದೇ ಸಾಲಿನಲ್ಲಿ, ಮೊತ್ತವಾಗಿ. ಗುಜರಾತಿನ ಕಛ್ಛೀ ಭಾಟಿಯಾ ಮನೆತನಗಳು ತಮ್ಮ ಬಹಿಗಳನ್ನು ಕಾಪಾಡಿಕೊಂಡವು. ಆದ್ದರಿಂದ ಇವತ್ತು ಮಸ್ಕತ್‌ನ ಭಾರತೀಯರ ಇತಿಹಾಸ ಎಂದರೆ ಅವರ ಇತಿಹಾಸ. ಅದು ಅವರ ತಪ್ಪಲ್ಲ. ಬರೆದಿಟ್ಟವರು ಉಳಿದರು.

ವಾದಿ ಕಬೀರ್‌ನಲ್ಲಿ ನಾನು ಲೆಕ್ಕ ನೋಡುವ ಒಂದು ಕಡೆ ಗಂಗೊಳ್ಳಿಯ ಹಿರಿಯರೊಬ್ಬರು ಅಡುಗೆ ಮಾಡುತ್ತಾರೆ. ಈ ಭಾಷಣಕ್ಕೆ ತಯಾರಿ ನಡೆಸುತ್ತಿದ್ದಾಗ ಊಟದ ಹೊತ್ತಿನಲ್ಲಿ ಅವರಿಗೆ ಈ ಅಕ್ಕಿಯ ಕಥೆ ಹೇಳಿದೆ. ಅವರು ಸಾರಿನ ಸೌಟು ಹಿಡಿದುಕೊಂಡೇ ನಕ್ಕರು.

"ನಮ್ಮಜ್ಜ ಮಂಜಿ ಮೇಲ್ ಹೋಯ್ತಿದ್ರ್ ಅಂಬ್ರ್ ಸರ್. ಬಪ್ಪತಿಗೆ ಖರ್ಜೂರ ತಕಂಡ್ ಬತ್ತಿದ್ರ್ ಅಂಬ್ರ್."

"ಯಾವೂರಿಗೆ ಹೋಗ್ತಿದ್ರು ಮಾರಾಯ್ರೆ?"

"ಅದ್ ಯಾರಿಗ್ ಗೊತ್ತಿತ್ ಸರ್. ಅಬ್ಬಿ ಹೇಳ್ತಿದ್ರ್, ಅಜ್ಜ ದೂರ ಹೋಯ್ತಿದ್ರ್ ಅಂದೇಳಿ. ಅಷ್ಟೇ."

ಅಷ್ಟೇ. ಮೊಮ್ಮಗ ಅದೇ ದೂರದಲ್ಲಿ ನಿಂತು ಅನ್ನ ಬಸಿಯುತ್ತಿದ್ದಾರೆ, ಅಜ್ಜ ಹೋದ ಊರು ಇದೇ ಇರಬಹುದು, ಬಸ್ರಾ ಇರಬಹುದು, ಏಡನ್ ಇರಬಹುದು. ಅವರೇ ಇನ್ನೆರಡು ವರ್ಷಕ್ಕೆ ಊರಿಗೆ ಹೋಗುವವರು. ಅವರ ಮೊಮ್ಮಗಳಿಗೂ ಯಾರಾದರೂ ಹೀಗೇ ಹೇಳುತ್ತಾರೆ: ಅಜ್ಜ ದೂರ ಇದ್ದರು. ವೀಸಾ ರದ್ದಾದ ದಿನ ಕಂಪನಿಯ ಪುಸ್ತಕದಲ್ಲಿ ಅವರ ಖಾತೆ ಮುಗಿಯುತ್ತದೆ. ಸೇವಾ ಭತ್ಯೆ ಕೊಟ್ಟದ್ದಕ್ಕೆ ಒಂದು ವೋಚರ್, ವಿಮಾನದ ಟಿಕೆಟ್ಟಿಗೆ ಒಂದು ವೋಚರ್. ಕಾನೂನಿನಲ್ಲಿ ಗೊತ್ತುಮಾಡಿದ ವರ್ಷಗಳು ಕಳೆದ ಮೇಲೆ ಆ ಕಡತವನ್ನೂ ನಾಶ ಮಾಡಬಹುದು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಕಂಪನಿಯ ಪುಸ್ತಕ ಕಂಪನಿಗಾಗಿ ಇರುವುದು. 1970ರ ನಂತರ ಬಂದ ಮೊದಲ ಪೀಳಿಗೆಯ ಕನ್ನಡಿಗರಲ್ಲಿ ಎಷ್ಟೋ ಜನ ಈಗಾಗಲೇ ಊರಿಗೆ ಹೋದರು, ಕೆಲವರು ಇಲ್ಲ. ರೂವಿಯಲ್ಲಿ ಮೊದಲು ಯಾರು ಯಾರ ರೂಮಿನಲ್ಲಿ ಇಳಿದುಕೊಂಡರು, ಸೊಹಾರ್‌ಗೆ, ಸಲಾಲಾಕ್ಕೆ ಮೊದಲು ಹೋದವರು ಯಾರು, ಮೊದಲ ಗಣೇಶ ಚೌತಿಗೆ ಕಡುಬು ಯಾರ ಅಡುಗೆಮನೆಯಲ್ಲಿ ಆಯಿತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಈ ಸಭಾಂಗಣದ ಮೊದಲ ಎರಡು ಸಾಲಿನಲ್ಲಿ ಮಾತ್ರ ಇದ್ದಾರೆ.

ಪದಾಧಿಕಾರಿಗಳ ಜೊತೆ ಮಾತಾಡಿ ಒಂದು ಕೆಲಸ ಮಾಡಿದ್ದೇವೆ. ಹೊರಗೆ ಚಹಾದ ಮೇಜಿನ ಪಕ್ಕ ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದೇವೆ, ನಾನೇ ಗೆರೆ ಎಳೆದದ್ದು. ಹೆಸರು, ಹುಟ್ಟೂರು, ಇಲ್ಲಿಗೆ ಬಂದ ವರ್ಷ, ಹೇಗೆ ಬಂದಿರಿ, ಮೊದಲ ಕೆಲಸ, ಮೊದಲ ಸಂಬಳ, ಮೊದಲ ರಾತ್ರಿ ಎಲ್ಲಿ ಮಲಗಿದಿರಿ. ಕೊನೆಯ ಕಾಲಮ್ಮಿಗೆ ಶೀರ್ಷಿಕೆ ಇಲ್ಲ, ಬೇಕಾದ್ದು ಬರೆಯಿರಿ. ಇಂಜಿನಿಯರ್, ಡಾಕ್ಟರ್‌ಗಳಷ್ಟೇ ಅಲ್ಲ. ಡ್ರೈವರ್, ಟೈಲರ್, ಮೇಸ್ತ್ರಿ, ಮನೆಕೆಲಸದ ಅಕ್ಕಂದಿರು, ಎಲ್ಲರೂ. ಬರೆಯಲು ಕಷ್ಟವಾದವರು ಹೇಳಿ, ಇಬ್ಬರು ಹುಡುಗರು ಬರೆದುಕೊಳ್ಳುತ್ತಾರೆ. ಮೊದಲ ಸಾಲು ಆಗಲೇ ತುಂಬಿದೆ, ಗಂಗೊಳ್ಳಿಯ ಅಡುಗೆಯವರದ್ದು. ಹೆಸರಿನ ಕೆಳಗೆ ಅವರು ತಮ್ಮ ಅಜ್ಜನ ಹೆಸರನ್ನೂ ಬರೆಸಿದ್ದಾರೆ, ಊರಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿ ತಿಳಿದುಕೊಂಡರಂತೆ. ಚಹಾ ಹತ್ತೂವರೆಗೆ.